ಆಷಾಢದ ಕುಬಸಗಳು

ಬಳ್ಳಾರಿಯ ಗಾಂಧಿನಗರದ ಆ ಅಡ್ಡರಸ್ತೆಗೆ ನಾನು ಬೇಕೆಂದೇ ಹೋಗುವುದಿಲ್ಲ. ಹೋದ ತಿಂಗಳು ರಸ್ತೆ ಅಗೆದಿದ್ದರೆಂದು ಆಟೋದವನು ಆ ಕಡೆ ತಿರುಗಿಸಿದ. ಅಲ್ಲೊಂದು ಹಿಟ್ಟಿನ ಗಿರಣಿ. ಅರಿಶಿನದ ಕೊಂಬು ಬೀಸುತ್ತಿದ್ದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಆಟೋದವನಿಗೆ ಬೇಗ ಹೊಡಿ ಎಂದು ರೇಗಿದೆ. ಅರಿಶಿನ ಅಂದರೆ ಎಲ್ಲರಿಗೂ ಶುಭ. ನನಗೆ ಸಿಟ್ಟು. ನಲವತ್ತು ವರ್ಷದ ಮೇಲಾಯಿತು, ನನಗೆ ವಯಸ್ಸಾಯಿತೇ ಹೊರತು ಆ ಸಿಟ್ಟಿಗೆ ಆಗಿಲ್ಲ.

ಆ ಗಿರಣಿಯ ಎದುರು ಮನೆಯಲ್ಲಿ, ಎಪ್ಪತ್ತರ ದಶಕದ ಕೊನೆಯಲ್ಲಿ, ಲಿವರ್ ರೋಗಗಳ ಒಂದು ಸಣ್ಣ ಸಂಶೋಧನಾ ಕೇಂದ್ರವಿತ್ತು. ಯಾವುದೋ ಖಾಸಗಿ ಟ್ರಸ್ಟಿನದು. ಪಡಸಾಲೆಯಲ್ಲಿ ರೋಗಿಗಳನ್ನು ನೋಡುವುದು, ನಡುಮನೆಯಲ್ಲಿ ಕೆಲವು ಹಾಸಿಗೆ, ಅಡುಗೆಮನೆಯೇ ಲ್ಯಾಬು. ಎಂ.ಬಿ.ಬಿ.ಎಸ್. ಮುಗಿಸಿ ನಾನು ಅಲ್ಲಿ ಸಂಶೋಧನಾ ಸಹಾಯಕನಾಗಿ ಸೇರಿದ್ದೆ, ಪಿಎಚ್.ಡಿ.ಗೂ ಹೆಸರು ಹಚ್ಚಿದ್ದೆ. ಕುರುಗೋಡಿನ ಬಂಡಿ ವೀರಪ್ಪನ ಮಗ ನಾನು. ಅಪ್ಪ ಅರಳೆ ಹೇರಿಕೊಂಡು ಬಳ್ಳಾರಿಯ ಮಿಲ್ಲುಗಳಿಗೆ ಬಂಡಿ ಹೊಡೆದವನು. ನಮ್ಮ ವಂಶದಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಮಾಡಿದವನೇ ನಾನು ಮೊದಲನೆಯವನು, ಇನ್ನು ಡಿಗ್ರಿಯ ಮಾತೆಲ್ಲಿ ಬಂತು. ಇದನ್ನು ಜಂಬದಿಂದಲೇ ಹೇಳುತ್ತಿದ್ದೇನೆ. ಪುಕ್ಕಟೆ ಬಂದದ್ದಲ್ಲ.

ನನ್ನ ಗೈಡು ದೊಡ್ಡ ಊರಿನಿಂದ ಬಂದವರು. ತೊಳೆದು ಇಸ್ತ್ರಿ ಮಾಡಿದಂಥ ಕನ್ನಡ. ಅವರ ಸಂಶೋಧನೆಯ ವಿಷಯ ಸಾರಾಯಿ ಕುಡಿಯುವವರ ಲಿವರು. ಹಳ್ಳಿಯಿಂದ ಕಣ್ಣು ಹಳದಿ ಮಾಡಿಕೊಂಡು ಯಾರೇ ಬರಲಿ, ಅವರ ಮೊದಲ ಪ್ರಶ್ನೆ ಒಂದೇ.

"ಕುಡಿಯುತ್ತೀಯಾ?"

ಒಮ್ಮೆ ಸಿರುಗುಪ್ಪದ ಕಡೆಯ ಮುದುಕನೊಬ್ಬನಿಗೂ ಹಾಗೇ ಕೇಳಿದರು.

"ಕುಡೀದ ಬದುಕಾಕ ಅಕ್ಕೈತೇನ್ರೀ?" ಎಂದ ಮುದುಕ. "ಮುಂಜಾನಿ ಒಂದು ತಂಬಿಗಿ, ಹೊಲದಾಗ ಒಂದು ತಂಬಿಗಿ, ಮನಿಗೆ ಬಂದಮ್ಯಾಲ ಹೊಟ್ಟಿ ತುಂಬ."

ಗೈಡು ನನ್ನ ಕಡೆ ನೋಡಿ ಗೆದ್ದವರಂತೆ ನಕ್ಕರು. ನಾನೂ ಆ ಕಡೆಯವನೇ, ನನಗೆ ಅರ್ಥವಾಗಿತ್ತು. "ಸಾರ್, ಅವರು ನೀರಿನ ಬಗ್ಗೆ ಹೇಳ್ತಿದ್ದಾರೆ" ಎಂದೆ.

ಮುದುಕ ಬೆಚ್ಚಿಬಿದ್ದ. "ಮತ್ತೇನು ಕೇಳಿದ್ರಿ ಸಾಹೇಬ್ರು? ಸೆರೇನಾ? ಏ ಶಿವಶಿವಾ, ಮುಟ್ಟಿದಾಂವಲ್ಲರೀ ನಾನು! ಕೆರಿ ನೀರ್ರೀ, ಕೆರಿ ನೀರು!"

ಗೈಡು ನಗು ನಿಲ್ಲಿಸಿದರು, ಆದರೆ ನಂಬಲಿಲ್ಲ. ಮುದುಕ ಕುಡುಕರ ಲೆಕ್ಕಕ್ಕೇ ಸೇರಿದ. ಆ ಮುಂಗಾರಿನಲ್ಲಿ ಹಾಗೆ ಸೇರಿದವರು ಬಹಳ ಮಂದಿ. ನನಗೆ ಇರುಸುಮುರುಸಾಗುತ್ತಿತ್ತು. ಆದರೆ ಗೈಡಿನ ಮುಂದೆ ನಿಂತಾಗ ನನ್ನ ಬೆನ್ನು ತಾನೇ ಬಾಗುತ್ತಿತ್ತು. ಬಂಡಿಯವನ ಮಗನಿಗೆ ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಕಾರಹುಣ್ಣಿಮೆ ಆಗಿ ಮಣ್ಣೆತ್ತಿನ ಅಮಾವಾಸ್ಯೆ ಇನ್ನೂ ಬಂದಿರಲಿಲ್ಲ. ಸಿರುಗುಪ್ಪ ತಾಲ್ಲೂಕಿನ ಕರೂರಿಗೆ ಕೊಟ್ಟ ನನ್ನ ಅಕ್ಕ ಈರಮ್ಮ ಹೇಳಿಕಳಿಸಿದಳು, ಅವಳ ಮೈದುನನ ಹೆಂಡತಿ ಹುಲಿಗೆಮ್ಮನಿಗೆ ಕುಬಸ, ಬಾ ಎಂದು. ಚೊಚ್ಚಿಲ ಬಸುರಿ, ಏಳು ತುಂಬಿತ್ತು. ಹಸಿರು ಸೀರೆ, ಹಸಿರು ಬಳೆ ತೊಡಿಸಿ, ಉಡಿ ತುಂಬಿ, ಆಮೇಲೆ ತವರಿಗೆ ಕಳಿಸುವ ಶಾಸ್ತ್ರ ಅದು. ಮೊದಲ ಮಳೆ ಜೋರಾಗಿ ಬಿದ್ದು ನಿಂತಿತ್ತು. ಭತ್ತದ ಸಸಿಮಡಿಗಳು ಆಗಲೇ ಹಸಿರಾಗಿದ್ದವು. ಬಸ್ಸಿನಿಂದಿಳಿದು ಕೆರೆ ಏರಿಯ ಮೇಲೆ ನಡೆದು ಹೋಗುವಾಗ ಮೂಗು ಮುಚ್ಚಿಕೊಂಡೆ. ಊರಿನವರು ಬಯಲಕಡೆಗೆಂದು ಚರಿಗೆ ತೆಗೆದುಕೊಂಡು ಹೋಗುವ ಜಾಗವೂ ಅದೇ ಏರಿಯ ಮಗ್ಗುಲು. ಮಳೆ ಅದನ್ನೆಲ್ಲ ತೊಳೆದು ಕೆರೆಗೇ ಇಳಿಸಿತ್ತು. ಕಾಲುವೆಗೆ ಇನ್ನೂ ನೀರು ಬಿಟ್ಟಿರಲಿಲ್ಲ, ಕೆರೆ ತಳ ಕಂಡಿತ್ತು. ಇದ್ದ ಆ ರಾಡಿಯನ್ನೇ ಹೆಂಗಸರು ಸೆರಗಿನಲ್ಲಿ ಸೋಸಿ ಕೊಡಕ್ಕೆ ತುಂಬುತ್ತಿದ್ದರು.

ಹುಲಿಗೆಮ್ಮನನ್ನು ಮಣೆಯ ಮೇಲೆ ಕೂರಿಸಿದ್ದರು. ಮುಖ, ಕುತ್ತಿಗೆ, ಕೈಕಾಲಿಗೆಲ್ಲ ಅರಿಶಿನ ಹಚ್ಚಿ ಎರೆದಿದ್ದರು. ನೋಡಿದವರೆಲ್ಲ ಹೊಗಳುವವರೇ.

"ಏನ್ ಕಳಿ ಬಂದೈತೆ ನಮ್ಮ ಹುಡುಗೀಗೆ! ಬಂಗಾರ ಎರಕ ಹೊಯ್ದಂಗ ಆಗ್ಯಾಳ."

"ಗಂಡು ಕೂಸಾ ಆಗತೈತಿ ನೋಡ್ರಿ. ಅರಿಶಿನ ಹಿಂಗ ಹಿಡದ್ರ ಗಂಡಾ."

ಹುಡುಗಿ ಮಾತ್ರ ತೂಕಡಿಸುತ್ತಿದ್ದಳು. ಆರತಿ ಎತ್ತಿದರೂ ತಲೆ ಎತ್ತಲಿಲ್ಲ. ನಾನು ಹತ್ತಿರ ಹೋಗಿ, "ಯವ್ವಾ, ಒಂದೀಟು ಮ್ಯಾಲ ನೋಡು" ಎಂದೆ. ಹೆಂಗಸರು ಗೊಳ್ಳೆಂದು ನಕ್ಕರು.

"ಏ ಈರಮ್ಮಾ, ನಿನ್ನ ತಮ್ಮ ಡಾಕ್ಟರಾಗಿ ಇದನ್ನಾ ಕಲ್ತ್ಕೊಂಡು ಬಂದಾನಲ್ಲ! ಮಂದಿ ಹೆಂಡ್ರ ಕಣ್ಣು ನೋಡಾಕ!"

ಆಕೆ ಕಣ್ಣೆತ್ತಿದಳು. ಕಾಡಿಗೆಯ ನಡುವೆ ಬಿಳಿ ಇರಬೇಕಾದಲ್ಲಿ ಹಳದಿ ಇತ್ತು, ಲಿಂಬೆಹಣ್ಣಿನ ಸಿಪ್ಪೆಯಂಥ ಹಳದಿ. ಅರಿಶಿನಕ್ಕೆ ಕಣ್ಣೊಳಗೆ ಹೋಗುವ ದಾರಿ ಗೊತ್ತಿಲ್ಲ.

"ಎಷ್ಟು ದಿನದಿಂದ ಹಿಂಗಿದ್ದಾಳಕ್ಕ?" ಎಂದು ಕೇಳಿದೆ.

ವಾರದಿಂದ ವಾಂತಿ ಅಂತೆ. ಸಿರುಗುಪ್ಪಕ್ಕೆ ಕರೆದುಕೊಂಡು ಹೋಗಿ ಒಬ್ಬ ಡಾಕ್ಟರಿಗೆ ತೋರಿಸಿದ್ದರಂತೆ. "ಮೈ ಯಾಕೋ ಹಳದಿ ಕಾಣಸ್ತೈತಿ" ಎಂದು ಅಕ್ಕ ಹೇಳಿದ್ದಕ್ಕೆ ಆತ, "ದಿನಾ ಅರಿಶಿನ ಹಚ್ಚಿದ್ರ ಹಳದಿ ಕಾಣದ ನೀಲಿ ಕಾಣಸ್ತೈತೇನಮ್ಮ? ತೊಳಕೊಂಡು ಬರ್ರಿ ಹೋಗ್ರಿ" ಎಂದು ನಕ್ಕು ಟಾನಿಕ್ ಕೊಟ್ಟು ಕಳಿಸಿದ್ದನಂತೆ. ರೆಪ್ಪೆ ಎತ್ತಿ ನೋಡಲಿಲ್ಲ. ಅಷ್ಟು ಓದಿದವನಿಗೆ ಒಂದು ರೆಪ್ಪೆ ಎತ್ತಲು ಆಗಲಿಲ್ಲ.

ಕುಬಸದ ಹಸಿರು ಸೀರೆಯಲ್ಲೇ ಆಕೆಯನ್ನು ಟ್ರ್ಯಾಕ್ಟರಿಗೆ ಹತ್ತಿಸಿ ಸಿರುಗುಪ್ಪಕ್ಕೆ, ಅಲ್ಲಿಂದ ಬಾಡಿಗೆ ಕಾರಿನಲ್ಲಿ ಬಳ್ಳಾರಿಗೆ ತಂದೆವು. ದಾರಿಯಲ್ಲೇ ಮಾತು ತೊದಲತೊಡಗಿತು. ನೇರ ಗಾಂಧಿನಗರಕ್ಕೇ ಕರೆದೊಯ್ದೆ. ಲಿವರ್ ರೋಗಕ್ಕೆ ನನಗೆ ಗೊತ್ತಿದ್ದ ದೇವಸ್ಥಾನ ಅದೊಂದೇ.

ಗೈಡು ಬಾಗಿಲಲ್ಲೇ ನಿಂತು ಹೇಳಿದರು, "ಗರ್ಭಿಣಿಯನ್ನು ಇಲ್ಲಿಗೆ ಯಾಕೆ ತಂದೆ? ಇವಳು ನಮ್ಮ ಪ್ರಾಜೆಕ್ಟಿಗೆ ಸೇರುವುದಿಲ್ಲ."

"ಸಾರ್, ಕಾಮಾಲೆ ಸಾರ್. ಎಚ್ಚರ ತಪ್ತಾ ಇದೆ."

ಅವರು ಅಕ್ಕನ ಕಡೆ ತಿರುಗಿದರು. "ಯಾವ ನಾಟಿ ಔಷಧಿ ತಿನ್ನಿಸಿದಿರಿ?"

"ಏನೂ ತಿನ್ಸಿಲ್ರೀ ನಮ್ಮಪ್ಪಾ. ಕುಬಸದ್ದು ಬುತ್ತಿ ತಿನ್ಸೀವಿ ಅಷ್ಟಾ."

"ಹಳ್ಳಿಯವರು ಯಾವತ್ತು ನಿಜ ಹೇಳಿದ್ದಾರೆ?" ಎಂದು ಇಂಗ್ಲಿಷಿನಲ್ಲಿ ನನಗೆ ಹೇಳಿ ಒಳಗೆ ಹೋದರು. ಅಕ್ಕನಿಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ಅದನ್ನು ತಿಳಿಯಲು ಇಂಗ್ಲಿಷ್ ಬೇಕಾಗಿರಲಿಲ್ಲ.

ಅಲ್ಲಿಂದ ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿಗೆ ಸೇರಿಸಿದೆವು. ಅಲ್ಲಿಯವರು ತಮ್ಮ ಕೈಲಾದದ್ದನ್ನೆಲ್ಲ ಮಾಡಿದರು. ಎರಡನೆಯ ದಿನ ಮಧ್ಯಾಹ್ನ ತಾಯಿಯೂ ಹೋದಳು, ಕೂಸೂ ಹೋಯಿತು. ನಮ್ಮಲ್ಲಿ ಹಾಸಿಗೆ ಕೊಟ್ಟಿದ್ದರೂ ಆಕೆ ಉಳಿಯುತ್ತಿರಲಿಲ್ಲ, ಅದು ನನಗೆ ಗೊತ್ತು. ನನ್ನ ಸಿಟ್ಟು ಆ ಹಾಸಿಗೆಯ ಮೇಲಲ್ಲ. ಆಮೇಲೆ ಆದದ್ದರ ಮೇಲೆ.

ವಾರ ಕಳೆಯುವುದರಲ್ಲಿ ಕರೂರಿನ ಅದೇ ಓಣಿಯಲ್ಲಿ ಇನ್ನೊಬ್ಬ ಬಸುರಿ ಸತ್ತಳು. ನಾನು ರಜೆ ಹಾಕಿ ಅಲ್ಲಿಗೆ ಹೋಗಿ ಕುಳಿತೆ. ಮನೆಮನೆ ಹೊಕ್ಕು ಕಣ್ಣು ನೋಡಿದೆ. ಹಳದಿ ಕಣ್ಣು ಗಂಡಸರಿಗಿತ್ತು, ಮುದುಕಿಯರಿಗಿತ್ತು, ಹುಡುಗರಿಗಿತ್ತು. ಅವರೆಲ್ಲ ನಾಲ್ಕು ದಿನ ಊಟ ಬಿಟ್ಟು ಮಲಗಿ, ಮುಂಗೈಗೆ ಬರೆ ಹಾಕಿಸಿಕೊಂಡು, ಏಳುತ್ತಿದ್ದರು. ಬರೆಯಿಂದಲೇ ಎದ್ದೆವು ಅಂದುಕೊಳ್ಳುತ್ತಿದ್ದರು. ಬಸುರಿಯರು ಮಾತ್ರ ಏಳುತ್ತಿರಲಿಲ್ಲ. ಬಾವಿ ಇದ್ದ ಗೌಡರ ಮನೆಯಲ್ಲಿ ಒಬ್ಬರಿಗೂ ಹಳದಿ ಇರಲಿಲ್ಲ. ಆಗ ಗೊತ್ತಿದ್ದ ಒಂದು ಬಗೆಯ ಕಾಮಾಲೆಗೆ ರಕ್ತಪರೀಕ್ಷೆ ಇತ್ತು. ಈ ಜನರ ರಕ್ತದಲ್ಲಿ ಅದು ಸಿಗಲಿಲ್ಲ. ನೀರಿನಿಂದ ಹರಡುವ, ಬಸುರಿಯರನ್ನು ಹುಡುಕಿ ಕೊಲ್ಲುವ ಆ ರೋಗಕ್ಕೆ ಅವತ್ತು ಸರಿಯಾದ ಹೆಸರೂ ಇರಲಿಲ್ಲ. ಇವತ್ತು ಒಂದು ಇಂಗ್ಲಿಷ್ ಅಕ್ಷರದ ಹೆಸರಿದೆ. ಹೆಸರಿಲ್ಲ ಅಂದ ಮಾತ್ರಕ್ಕೆ ಅದು ಕಾಯುತ್ತ ಕೂತಿರಲಿಲ್ಲ.

"ನೀರು ಕಾಸಿ ಕುಡೀರಿ" ಎಂದು ಓಣಿಯಲ್ಲಿ ಹೇಳಿದೆ.

ಅಕ್ಕ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಕಾಸಾಕ ಕಟಗಿ ಎಲ್ಲೈತೋ? ಗದ್ದಿ ನಾಡಿನಾಗ ಗಿಡ ಎಲ್ಲಿ ನೋಡೀಯ ನೀನು? ಗಂಜಿ ಕಾಸಾಕ ಸಗಣಿ ಆರಿಸ್ಕೊಂಡು ತಿರಗತೀವಿ. ಹೇಳೋದಾದ್ರ ನಡಿಯೋದು ಹೇಳಲೇ ಶಿವ್ಯಾ."

ನನಗೆ ಬೇರೆ ಏನೂ ತೋಚಲಿಲ್ಲ. ತೋಚಿದ್ದು ಅವಳಿಗೆ. ಆ ಸಂಜೆ ರೊಟ್ಟಿ ಬಡಿಯುತ್ತ ಕೇಳಿದಳು, "ಈ ನೀರು ಬಿಟ್ಟು ಬ್ಯಾರೆ ಊರಿಗೆ ಹೋದ್ರ ಬಸುರ್ಯಾರು ಉಳೀತಾರೇನು?"

"ಬಾವಿ ನೀರಿರೋ ಊರಾದ್ರ ಉಳೀಬೌದಕ್ಕ. ಈಗಾಗ್ಲೇ ಜಡ್ಡು ಅಂಟಿರದಿದ್ರ."

"ಹಂಗಾರ ಕುಬಸ ಮಾಡಿ ತವರಿಗೆ ಅಟ್ಟಿಬಿಡಾನ."

"ಅಕ್ಕಾ, ನಾಳಿಂದ ಆಷಾಢ."

"ಇರಲಿ ಬಿಡು. ಆಷಾಢದಾಗ ಕುಬಸ ಮಾಡಬಾರದಂತಾರ. ಸಾಯಬಾರದು ಅಂತ ಯಾರರ ಅಂದಾರೇನು?"

ಇದು ಸಣ್ಣ ಮಾತಲ್ಲ. ನಮ್ಮ ಕಡೆ ಆಷಾಢದಲ್ಲಿ ಯಾವ ಶುಭಕಾರ್ಯಕ್ಕೂ ಕೈ ಹಾಕುವುದಿಲ್ಲ. ಅದರ ಮೇಲೆ ಕಾಲುವೆಗೆ ನೀರು ಬಿಡುವ ಹೊತ್ತು, ನಾಟಿ ಶುರು. ನಾಟಿ ಹಚ್ಚುವವರೆಲ್ಲ ಹೆಂಗಸರೇ. ಏಳರಲ್ಲಿರಲಿ ಎಂಟರಲ್ಲಿರಲಿ, ಬಸುರಿಯರೂ ಮೊಣಕಾಲು ಕೆಸರಲ್ಲಿ ಬಾಗಿ ನಿಲ್ಲಬೇಕು. ಒಂಬತ್ತಕ್ಕೆ ಬೀಳುವತನಕ ಸೊಸೆಯನ್ನು ಬಿಡುವ ಅತ್ತೆ ಆ ಸೀಮೆಯಲ್ಲಿರಲಿಲ್ಲ. ಅಕ್ಕ ಒಬ್ಬೊಬ್ಬರ ಮನೆಗೂ ಹೋಗಿ ಜಗಳ ಮಾಡಿದಳು, ಅತ್ತಳು, ಬೈದಳು, ಹುಲಿಗೆಮ್ಮನ ಹೆಸರು ಹಿಡಿದು ಹೆದರಿಸಿದಳು. ಭಟ್ಟರಿಲ್ಲ, ಮುಹೂರ್ತವಿಲ್ಲ. ಹಸಿರು ಬಳೆ, ಒಂದು ಹಿಡಿ ಅಕ್ಕಿ, ಉಡಿ ತುಂಬಿದಂತೆ ಮಾಡಿ ಬಸ್ಸಿಗೆ ಹತ್ತಿಸುವುದು. ಶಾಸ್ತ್ರ ಇಲ್ಲದೆ ಸೊಸೆ ಹೊಸ್ತಿಲು ದಾಟಿದರೆ ಗಂಡನ ಮನೆ ಬಿಟ್ಟು ಹೋದಳೆಂದು ಊರು ಆಡಿಕೊಳ್ಳುತ್ತದೆ. ಅದಕ್ಕೇ ಕುಬಸ ಬೇಕಿತ್ತು. ರೂಪನಗುಡಿ ಕಡೆ ತವರಿದ್ದವರು ಅಲ್ಲಿಗೆ ಹೋದರು. ಅಲ್ಲಿ ಬಾವಿ ನೀರು, ಉಪ್ಪುಪ್ಪು, ಆದರೆ ಕೊಲ್ಲುವುದಿಲ್ಲ. ತವರೂ ಕಾಲುವೆ ಸೀಮೆಯಲ್ಲೇ ಇದ್ದವರನ್ನು ಬಾವಿ ನೀರಿನ ಕುರುಗೋಡಿಗೆ, ನಮ್ಮವ್ವನ ಹತ್ತಿರಕ್ಕೇ ಕಳಿಸಿದಳು. ಎರಡು ಅಂಕಣದ ಮನೆ ನಮ್ಮದು. ಅವ್ವ ಬಾಗಿಲಲ್ಲಿ ನಿಂತು, "ನನ್ನ ಮನಿ ಏನು ಹೆರಿಗಿ ಆಸ್ಪತ್ರಿ ಮಾಡೀರೇನ್ಲೇ?" ಎಂದು ಬೈಯುತ್ತಲೇ ಚಾಪೆ ಹಾಸಿದಳು.

ಒಬ್ಬಳು ಉಳಿದಳು. ತಾಯಮ್ಮನ ಸೊಸೆ ಪಾರ್ವತಿ. ಆರು ತುಂಬಿತ್ತು. ತಾಯಮ್ಮ ಹುಟ್ಟಿದ್ದು ಕುರುಗೋಡಿನಲ್ಲಿ, ನಮ್ಮ ಓಣಿಯಲ್ಲೇ. ನಾನು ಹೋಗಿ ಕೇಳಿಕೊಂಡೆ.

"ಏ ಹೋಗೋ" ಎಂದಳು. "ಬಂಡಿ ವೀರಪ್ಪನ ಮಗ ನೀನು. ನಿನ್ನ ಮೂಗಿನ ಸಿಂಬಳ ನನ್ನ ಸೆರಗಿಲೆ ಒರಿಸೀನಿ. ನಿನ್ನ ಮಾತು ಕೇಳಿ ಆಷಾಢ ಮುರೀಲೇನು? ನಾಟಿ ಬಿಡ್ಲೇನು?"

"ಅತ್ತೀ, ನಾನು ಡಾಕ್ಟರು."

"ಆಗಿದ್ದೀಯಪ್ಪ, ಇಲ್ಲಂದೋರು ಯಾರು? ನಿನ್ನ ಮ್ಯಾಲ ಒಬ್ಬ ದೊಡ್ಡ ಡಾಕ್ಟರು ಅದಾರಲ್ಲ, ಬಳ್ಳಾರ್ಯಾಗ, ಕನ್ನಡಕದೋರು? ಅವರು ಹೇಳ್ಳಿ. ಅವರು ಹೂಂ ಅಂದ್ರ ಆಷಾಢನೂ ಬಿಡ್ತೀನಿ, ನಾಟಿನೂ ಬಿಡ್ತೀನಿ."

ಮರುದಿನ ಮುಂಜಾನೆಯ ಬಸ್ಸಿಗೆ ಬಳ್ಳಾರಿಗೆ ಬಂದೆ. ಗೈಡು ಊಟಕ್ಕೆ ಕುಳಿತಿದ್ದರು. ಎಲ್ಲ ಹೇಳಿದೆ: ಕೆರೆ, ಏರಿ, ಬಾವಿಯ ಮನೆ, ಬಸುರಿಯರು. "ಸಾರ್, ಒಂದೇ ಮಾತು. ಆ ನೀರು ಕುಡಿಯಬೇಡಿ, ಬಸುರಿಯರನ್ನು ಬೇರೆ ಊರಿಗೆ ಕಳಿಸಿ ಅಂತ ನೀವು ಹೇಳಿದ್ದೀರಿ ಅಂತ ನಾನು ಹೇಳಬಹುದಾ?"

"ಪುರಾವೆ ಎಲ್ಲಿದೆ?"

"ಇಬ್ಬರು ಸತ್ತಿದ್ದಾರೆ ಸಾರ್."

"ಅದು ಪುರಾವೆ ಅಲ್ಲ. ನೀರು ಅಂದೆವೋ, ಸರ್ಕಾರದವರು ಬಂದು ನಮ್ಮನ್ನೇ ಹಿಡಿದುಕೊಳ್ಳುತ್ತಾರೆ. ನೀರಿನದು ಬೇರೆ ಇಲಾಖೆ. ನಮ್ಮದು ಲಿವರ್."

ಹಾಗೆಂದು ಪಕ್ಕದ ಥರ್ಮಾಸಿನಿಂದ ಲೋಟಕ್ಕೆ ನೀರು ಬಗ್ಗಿಸಿಕೊಂಡರು. ಹಬೆಯಾಡಿತು. ಕಾಸಿದ ನೀರು. ದಿನಾ ಮನೆಯಿಂದ ಅದೇ ಬರುತ್ತಿತ್ತು. ನಾನೇ ಎಷ್ಟೋ ಸಲ ಕಾರಿನಿಂದ ಎತ್ತಿಕೊಂಡು ಬಂದು ಆ ಮೇಜಿನ ಮೇಲಿಟ್ಟಿದ್ದೆ. ಅವತ್ತು ಅದು ಕಣ್ಣಿಗೆ ಬಿತ್ತು. ಈ ಮನುಷ್ಯನಿಗೆ ಗೊತ್ತಿಲ್ಲದೆ ಇಲ್ಲ. ಇವರ ಗಂಟಲಿಗೆ ಪುರಾವೆ ಬೇಕಾಗಿಲ್ಲ. ಪಾರ್ವತಿಯ ಗಂಟಲಿಗೆ ಮಾತ್ರ ಬೇಕು.

"ಸಾರ್, ನೀವು ಯಾಕೆ ಕಾಸಿ ಕುಡಿತೀರಿ?" ಎಂದು ಕೇಳಿಯೇಬಿಟ್ಟೆ.

ಅವರು ಲೋಟ ಕೆಳಗಿಟ್ಟರು. "ನಿನ್ನ ರಜೆ ಮುಗಿದಿದೆ. ಕೆಲಸಕ್ಕೆ ಹತ್ತು."

ನಾನು ಕೆಲಸಕ್ಕೆ ಹತ್ತಲಿಲ್ಲ. ಬಸ್ಸು ಹತ್ತಿದೆ. ತಾಯಮ್ಮನ ಕಟ್ಟೆಯ ಮುಂದೆ ನಿಂತು, ಓಣಿಗೆಲ್ಲ ಕೇಳುವಂತೆ ಹೇಳಿದೆ, "ದೊಡ್ಡ ಡಾಕ್ಟರು ಹೇಳ್ಯಾರತ್ತೀ. ಇವತ್ತಾ ಕಳಸ್ಬೇಕಂತ. ಕೆರಿ ನೀರು ಒಂದು ಹನಿ ಮುಟ್ಟಬಾರದಂತ."

ತಾಯಮ್ಮ ನನ್ನ ಮುಖವನ್ನೇ ನೋಡಿದಳು. "ಖರೇವಂದ್ರೂ ಅವರಾ ಹೇಳಿದ್ರಾ?"

"ಖರೇ."

"ಕನ್ನಡಕ ತಗದು ಹೇಳಿದ್ರೋ, ಹಾಕ್ಕೊಂಡು ಹೇಳಿದ್ರೋ?"

"ಹಾಕ್ಕೊಂಡಾ."

"ಹಂಗಾರ ಕಳಸ್ತೀನಿ."

ಸುಳ್ಳು ಹೇಳಿದೆ. ಅದನ್ನು ಇವತ್ತಿಗೂ ತಪ್ಪು ಅನ್ನುವುದಿಲ್ಲ. ಅದೇ ದಿನ ಪಾರ್ವತಿಗೆ ಹಸಿರು ಬಳೆ ಇಟ್ಟು ಕುರುಗೋಡಿಗೆ ಕರೆದೊಯ್ದೆವು.

ಎಲ್ಲರೂ ಉಳಿದರು ಎಂದು ಬರೆಯಲು ನನಗೂ ಆಸೆ. ರೂಪನಗುಡಿಗೆ ಹೋದವಳೊಬ್ಬಳಿಗೆ ಅಲ್ಲಿ ಹೋದ ಮೇಲೆ ಕಣ್ಣು ಹಳದಿಯಾಯಿತು. ನೀರು ಮೊದಲೇ ಒಳಗೆ ಹೋಗಿತ್ತು. ಆಕೆ ಬದುಕಿದಳು, ಕೂಸು ದಕ್ಕಲಿಲ್ಲ. ಮಿಕ್ಕವರು ದಾಟಿಕೊಂಡರು. ಅಷ್ಟರಲ್ಲಿ ಕಾಲುವೆ ತುಂಬಿ ಬಂತು, ಕೆರೆ ತಿಳಿಯಾಯಿತು, ಹಳದಿ ಕಣ್ಣುಗಳು ಒಂದೊಂದೇ ಬಿಳಿಯಾದವು.

ಸುಳ್ಳು ಗಾಂಧಿನಗರಕ್ಕೆ ಮುಟ್ಟಲು ಬಹಳ ದಿನ ಬೇಕಾಗಲಿಲ್ಲ. ಕರೂರಿನಿಂದ ಬಂದ ರೋಗಿಯೊಬ್ಬ, "ನೀವಾ ಅಲ್ಲೇನ್ರೀ ನಮ್ಮೂರ ಬಸುರ್ಯಾರ್ನ ಉಳಿಸಿದೋರು?" ಎಂದು ಅವರ ಕಾಲಿಗೇ ಬಿದ್ದನಂತೆ. ಗೈಡು ನನ್ನನ್ನು ಕರೆದರು. ಬಾಗಿಲು ಹಾಕಿಸಿದರು.

"ನನ್ನ ಹೆಸರಲ್ಲಿ ಸುಳ್ಳು ಹೇಳಲು ನಿನಗೆ ಅಧಿಕಾರ ಕೊಟ್ಟವರು ಯಾರು?"

"ಯಾರೂ ಇಲ್ಲ ಸಾರ್."

"ಕೆಳಗಿನಿಂದ ಬಂದವರ ಕಷ್ಟವೇ ಇದು. ವಿಜ್ಞಾನದ ಶಿಸ್ತು ನಿಮ್ಮ ರಕ್ತದಲ್ಲಿರುವುದಿಲ್ಲ."

ಎಷ್ಟೋ ಉತ್ತರಗಳನ್ನು ಆಮೇಲೆ ಮನಸ್ಸಿನಲ್ಲೇ ಕೊಟ್ಟಿದ್ದೇನೆ. ಅವತ್ತು ಹೊರಟದ್ದು ಇಷ್ಟೇ: "ನಮ್ಮ ರಕ್ತದಲ್ಲಿ ಏನಿದೆ ಅಂತ ನೋಡೋದಕ್ಕಾದರೂ ನೀವು ಒಂದು ಸಲ ಕರೂರಿಗೆ ಬರಬೇಕಿತ್ತು ಸಾರ್."

ಅಲ್ಲಿಗೆ ನನ್ನ ಕೆಲಸ ಮುಗಿಯಿತು, ಪಿಎಚ್.ಡಿ.ಯೂ ಮುಗಿಯಿತು. ಬೇರೆ ಊರಿನಲ್ಲಿ ಇನ್ನೊಬ್ಬ ಗೈಡು ನನ್ನನ್ನು ತೆಗೆದುಕೊಳ್ಳಲು ಒಪ್ಪಿದರು. ಆದರೆ ಇವರು ಬಿಟ್ಟುಕೊಟ್ಟೆ ಎಂದು ಒಂದು ಕಾಗದ ಬರೆದುಕೊಡಬೇಕು. ಅದಕ್ಕಾಗಿ ಆ ಪಡಸಾಲೆಯ ಬೆಂಚಿನ ಮೇಲೆ ರೋಗಿಗಳ ನಡುವೆ ಎಷ್ಟು ಸಲ ಕುಳಿತೆನೋ. ಇವತ್ತು ಪುರುಸೊತ್ತಿಲ್ಲ, ನಾಳೆ ಬಾ. ನಾಳೆ ಹೋದರೆ, ಸಾಹೇಬರು ಊರಲ್ಲಿಲ್ಲ. ದಸರೆ ಹೋಯಿತು, ದೀಪಾವಳಿ ಹೋಯಿತು. ನಿನ್ನೆ ತನಕ ನನ್ನನ್ನು ಕಂಡರೆ ಎದ್ದು ನಿಲ್ಲುತ್ತಿದ್ದ ಆಳು ನನ್ನ ಕಾಲಿನ ಹತ್ತಿರವೇ ಕಸ ಗುಡಿಸಿಕೊಂಡು ಹೋಗುತ್ತಿದ್ದ.

ಸುಗ್ಗಿಯ ಹೊತ್ತು. ಹಾಗೇ ಒಂದು ಮುಂಜಾನೆ ಕುಳಿತಿದ್ದಾಗ ತಾಯಮ್ಮ ಬಂದಳು. ಹಿಂದೆ ಪಾರ್ವತಿ, ಅವಳ ತೋಳಲ್ಲಿ ಕುಂಚಿಗೆ ಕಟ್ಟಿದ ಹೆಣ್ಣುಕೂಸು, ಅವಳ ಗಂಡನ ಹೆಗಲ ಮೇಲೆ ಹೊಸ ಅಕ್ಕಿಯ ಚೀಲ. ತಾಯಮ್ಮ ನನ್ನನ್ನು ನೋಡಿ, "ಇಲ್ಲೇ ಅದೀಯೇನಪ್ಪ, ಛಲೋ ಆತು" ಎಂದವಳೇ ನೇರ ಒಳಗೆ ನುಗ್ಗಿದಳು. ಬಾಗಿಲು ತೆರೆದೇ ಇತ್ತು. ನನಗೆ ಎಲ್ಲ ಕಾಣುತ್ತಿತ್ತು.

ಕೂಸನ್ನು ಗೈಡಿನ ಮೇಜಿನ ಮೇಲೆ, ಕಾಗದಪತ್ರಗಳ ನಡುವೆಯೇ ಮಲಗಿಸಿದಳು.

"ನೀವು ಹೇಳ್ದಂಗ ಕೇಳಿದ್ವಿರೀ ಸಾಹೇಬ್ರಾ. ಆಷಾಢ ನೋಡ್ಲಿಲ್ಲ, ನಾಟಿ ನೋಡ್ಲಿಲ್ಲ. ನಿಮ್ಮ ಬಾಯಿಂದ ಆ ಮಾತು ಬರದಿದ್ರ ಇವರಿಬ್ಬರೂ ಇವತ್ತು ಮಣ್ಣಾಗಿರ್ತಿದ್ರು. ನಿಮ್ಮ ಮಾತಿನ ಕೂಸಿದು. ಒಂದೀಟು ಮುಟ್ರಿ."

ಗೈಡು ನನ್ನ ಕಡೆ ನೋಡಿದರು. ನಾನೂ ನೋಡಿದೆ. ಒಂದು ಗಳಿಗೆ ಅವರ ಬಾಯಿ ಏನೋ ಹೇಳಲು ತೆರೆಯಿತು. ಹೇಳುತ್ತಾರೆ ಎಂದುಕೊಂಡೆ. ಅದು ನನ್ನ ಮಾತಲ್ಲ ಎಂದು ಹೇಳುತ್ತಾರೆ, ನನ್ನನ್ನು ಹೊರಗೆ ಹಾಕಿದ್ದೇ ಅದಕ್ಕೆ ತಾನೆ. ಅವರು ಬಾಯಿ ಮುಚ್ಚಿಕೊಂಡರು. ಕನ್ನಡಕ ಸರಿಮಾಡಿಕೊಂಡು, ಕೂಸಿನ ತಲೆಯ ಮೇಲೆ ಕೈ ಇಟ್ಟು, "ಒಳ್ಳೆಯದಾಗಲಿ ತಾಯಿ" ಎಂದರು.

ಎದ್ದು ಹೋಗಿ ಕೂಗಬೇಕೆನಿಸಿತು. ಕೂಗಿದ್ದರೆ ಏನಾಗುತ್ತಿತ್ತು? ಸುಳ್ಳು ಎಂದು ತಿಳಿದ ತಾಯಮ್ಮ ಬರುವ ಮುಂಗಾರಿಗೆ ಮತ್ತೆ ಕೆರೆಯ ಏರಿ ಇಳಿಯುತ್ತಿದ್ದಳು, ಪಾರ್ವತಿಯನ್ನೂ ಇಳಿಸುತ್ತಿದ್ದಳು. ಹಲ್ಲು ಕಚ್ಚಿ ಕುಳಿತೆ.

ತಾಯಮ್ಮ ಹೊರಗೆ ಬಂದು ನನ್ನ ಬೆನ್ನಿಗೆ ಗುದ್ದಿದಳು. "ಏನು ಗೂಬಿ ಕುಂತಂಗ ಕುಂತೀಯೋ? ಏಳು, ಕೈ ಮುಗಿ ಅವರಿಗೆ. ಇಂಥೋರ ಕೈಯಾಗ ಕಲ್ಯಾಕ ಪುಣ್ಯ ಮಾಡಿರ್ಬೇಕಲೇ."

ಎದ್ದೆ. ಒಳಗೆ ಮೇಜಿನಿಂದ ಕೂಸನ್ನು ಎತ್ತಿಕೊಳ್ಳುತ್ತಿದ್ದ ಪಾರ್ವತಿಯ ಕಡೆ ತಿರುಗಿ ಕೈ ಮುಗಿದೆ. ಗೈಡು ತಮಗೇ ಎಂದುಕೊಂಡು ತಲೆಯಾಡಿಸಿದರು. ಅಕ್ಕಿ ಚೀಲವನ್ನು ಕಾರಿಗೆ ಹಾಕಲು ಆಳಿಗೆ ಹೇಳಿದರು. ಆ ಸಂತೋಷದಲ್ಲೇ ನನ್ನ ಕಾಗದ ತರಿಸಿ ಸಹಿ ಹಾಕಿದರು. ನನ್ನ ಆಮೇಲಿನ ಓದು, ಡಾಕ್ಟರೇಟು, ಲಿವರಿನ ಮೇಲೆ ನಾನು ಬರೆದ ಅಷ್ಟೂ ಬರಹ ಆ ಸಹಿಯಿಂದ ಮುಂದಕ್ಕೆ ನಡೆದದ್ದು.